ಕೊಂಬು ಉಜ್ಜಿದ ಹೆಬ್ಬೆಟ್ಟು

ಕೊಂಬು, ಉಗುರು, ಕೂದಲು ಮೂರೂ ಒಂದೇ ಪದಾರ್ಥ. ಸುಟ್ಟರೆ ಮೂರೂ ಒಂದೇ ಥರ ನಾರುತ್ತವೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ಚಾಕು ಕೊಳ್ಳುವಾಗ ನೀವು ಅಲಗನ್ನು ನೋಡುತ್ತೀರಿ, ಅದರ ಮೇಲೆ ಕೊರೆದ ಅಂಗಡಿಯ ಹೆಸರನ್ನು ಓದುತ್ತೀರಿ. ಹಿಡಿಯನ್ನು ಹಿಡಿಯುತ್ತೀರೇ ಹೊರತು ನೋಡುವುದಿಲ್ಲ.

ನಮ್ಮೂರಿನ ಮೀಸೆ ಎಂಬವನೂ ನೋಡಿರಲಿಲ್ಲ. ಅದೂ ಎಂಥ ಮನೆಯಲ್ಲಿದ್ದುಕೊಂಡು! ಅವನ ತಾಯಿ ಜೀವಮಾನವೆಲ್ಲ ಎಮ್ಮೆಯ ಕೊಂಬಿನ ಹಿಡಿಗಳಿಗೆ ಹೊಳಪು ಕೊಟ್ಟವಳು. ಆ ವಿದ್ಯೆಯನ್ನು ಅವಳು ಮಗನಿಗೆ ಕಲಿಸದೆ ಸೊಸೆಗೆ ಕಲಿಸಿದಳು. "ಇವನ ಕೈಗೆ ಕೊಟ್ಟರೆ ಕೊಂಬೂ ಹಾಳು, ಮನೆಯೂ ಹಾಳು" ಎನ್ನುವುದು ಅವಳ ತೀರ್ಪು. ಮಗರಾಯ ನೀರು ಸರಬರಾಜು ಕಚೇರಿಯ ಉಗ್ರಾಣಪಾಲಕನಾದ. ನಲ್ಲಿ, ಕೊಳವೆ, ವಾಷರುಗಳ ಏಕಛತ್ರಾಧಿಪತಿ! ಮೂಗಿನ ಕೆಳಗೆ ಎರಡೂ ಕಡೆ ಮೇಲಕ್ಕೆ ತಿರುಗಿದ ದಪ್ಪ ಮೀಸೆ. ಊರೆಲ್ಲ ಅವನನ್ನು ಮೀಸೆ ಎಂದೇ ಕರೆಯುತ್ತದೆ. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಅದಕ್ಕೆ ಎಣ್ಣೆ ಹಚ್ಚಿ ತೀಡುವಾಗ ಅವನು ತೋರಿಸುವ ಶ್ರದ್ಧೆಯನ್ನು ಕಚೇರಿಯಲ್ಲಿ ಅರ್ಧದಷ್ಟು ತೋರಿಸಿದ್ದರೂ ಊರಿನ ನಲ್ಲಿಗಳು ಸೋರುತ್ತಿರಲಿಲ್ಲ. "ನಮ್ಮ ಮನೇಲಿ ಇಬ್ಬರದ್ದೂ ಒಂದೇ ಕಸುಬು. ನಾನು ಉಜ್ಜೋದು ಮಾರಾಟಕ್ಕೆ, ಅವರು ತೀಡೋದು ಚಟಕ್ಕೆ" ಎಂದು ಹೆಂಡತಿ ಹೇಳಿಕೊಂಡು ನಗುತ್ತಾಳೆ.

ಅವಳನ್ನು ಓಣಿಯವರು ಕೊಂಬಿನಕ್ಕ ಎನ್ನುತ್ತಾರೆ. ಕಸುಬು ನೋಡಿ ಇಟ್ಟ ಹೆಸರೋ ನಾಲಿಗೆ ನೋಡಿ ಇಟ್ಟದ್ದೋ ಎಂದು ಕೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಹಿತ್ತಿಲ ಬಾಗಿಲ ಪಕ್ಕ ಅವಳ ತಗ್ಗು ಮಣೆ. ಮಣೆಯ ಸುತ್ತ ನೀರಿನ ಬೋಗುಣಿ, ಗಾಜಿನ ಚೂರುಗಳು, ಇದ್ದಿಲ ಪುಡಿ, ಬಟ್ಟೆಯಲ್ಲಿ ಸೋಸಿದ ಬೂದಿ. ಅಲ್ಲಿ ಕೂತು ಅವಳು ಉಜ್ಜಿದ ಹಿಡಿಗಳನ್ನು ಪೇಟೆಯ ಚಾಕು ಸಾಹುಕಾರ ಒಯ್ಯುತ್ತಾನೆ, ಅಲಗು ಕೂರಿಸುತ್ತಾನೆ, ಅಲಗಿನ ಮೇಲೆ ತನ್ನ ಹೆಸರು ಕೊರೆಸುತ್ತಾನೆ. "ನಮ್ಮ ಕೈಕೆಲಸ" ಎಂದು ಗಿರಾಕಿಗಳಿಗೆ ಹೇಳುತ್ತಾನೆ. ಅವನ ಕೈ ಮಾಡುವ ಕೆಲಸವೆಂದರೆ ಗಲ್ಲಾಪೆಟ್ಟಿಗೆ ಎಳೆಯುವುದು, ನೂಕುವುದು. ಅಷ್ಟೇ!

ಹೀಗಿರುವಾಗ ಕರಕುಶಲ ಮಂಡಳಿಯವರು ಊರ ನಡುವೆ ಒಂದು ಮಾರಾಟ ಭವನ ಕಟ್ಟಿಸಿದರು. ಕುಶಲಕರ್ಮಿಯ ಕಾರ್ಡು ಇದ್ದವರಿಗೆ ಅಲ್ಲೊಂದು ಮೇಜು. ತಮ್ಮ ಕೆಲಸವನ್ನು ತಮ್ಮ ಹೆಸರಿನಲ್ಲೇ ಮಾರಬಹುದು. ಕೊಂಬಿನಕ್ಕನಿಗೆ ಆ ಮೇಜು ಬೇಕಿತ್ತು. ಮೇಜಿನ ಮೇಲೆ ಹಾಸಲು ಯಾವ ಬಣ್ಣದ ಬಟ್ಟೆ ಎಂಬುದನ್ನೂ ಅವಳು ಆಗಲೇ ಅತ್ತೆಯ ಜೊತೆ ಜಗಳವಾಡಿ ತೀರ್ಮಾನಿಸಿಬಿಟ್ಟಿದ್ದಳು.

ಅರ್ಜಿ ಹಾಕಲು ಕೊನೆಯ ದಿನ. ಮೀಸೆ ಎಣ್ಣೆ ಹಚ್ಚುತ್ತ ಕನ್ನಡಿಯಲ್ಲೇ ಘೋಷಣೆ ಹೊರಡಿಸಿದ.

"ಇವತ್ತು ರಜೆ ಹಾಕ್ತೀನಿ ಕಣೇ! ಇನ್ನು ಮೇಲೆ ನಿನ್ನ ಕೆಲಸದ ಮೇಲೆ ಆ ಸಾಹುಕಾರನ ಹೆಸರು ಇರಕೂಡದು. ನಿನ್ನ ಹೆಸರಿರಬೇಕು! ನಾನು ನಿಂತು ಮಾಡಿಸ್ತೀನಿ!"

"ನಿಂತಾದರೂ ಮಾಡ್ಸಿ, ಕೂತಾದರೂ ಮಾಡ್ಸಿ. ಬಾಯಿ ಮುಚ್ಕೊಂಡು ಮಾಡ್ಸಿ."

"ನನ್ನ ಬಾಯಿಗೆ ಹೆದರಿ ಇಡೀ ನೀರಿನ ಕಚೇರಿ..."

"ನೀರೇ ಬಿಡಲ್ಲ ಅಂತ ಓಣಿಯೆಲ್ಲ ಹೇಳುತ್ತೆ. ನಡೀರಿ ನಡೀರಿ, ಹೊತ್ತಾಯ್ತು."

ಮಂಡಳಿಯ ಕಚೇರಿಯಲ್ಲಿ ಗಾಜಿನ ಆಚೆಗೊಬ್ಬ ಗುಮಾಸ್ತ, ಈಚೆಗೊಂದು ಸಾಬೂನಿನ ಡಬ್ಬಿಯಷ್ಟು ದೊಡ್ಡ ಕಪ್ಪು ಯಂತ್ರ. ಇಬ್ಬರಲ್ಲಿ ಯಂತ್ರಕ್ಕೇ ಅಧಿಕಾರ ಹೆಚ್ಚು ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

"ಹೆಬ್ಬೆಟ್ಟು ಇಡಿ ಅಮ್ಮಾ."

ಇಟ್ಟಳು. ಕೆಂಪು ದೀಪ. ಕುಂಯ್!

"ಒರೆಸ್ಕೊಂಡು ಇಡಿ."

ಕುಂಯ್!

"ಸ್ವಲ್ಪ ಒದ್ದೆ ಮಾಡ್ಕೊಳ್ಳಿ. ಗಟ್ಟಿಯಾಗಿ ಒತ್ತಿ."

"ಇನ್ನೂ ಗಟ್ಟಿಯಾಗಿ ಒತ್ತಿದರೆ ನಿಮ್ಮ ಮೇಜಿಗೆ ತೂತಾಗುತ್ತೆ, ನೋಡ್ಕೊಳ್ಳಿ."

ಕುಂಯ್! ಎಡಗೈ, ಬಲಗೈ, ತೋರುಬೆರಳು, ಕಿರುಬೆರಳು... ಗುಮಾಸ್ತ ಬೆಂಡೆಕಾಯಿ ಆರಿಸುವವನಂತೆ ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದ. ಒಂದೂ ಅವನಿಗೆ ಒಪ್ಪಿಗೆಯಾಗಲಿಲ್ಲ.

"ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ಲ. ಮೆಷಿನ್ ಪ್ರಕಾರ ನೀವು ಇಲ್ಲಿಗೆ ಬಂದೇ ಇಲ್ಲ."

"ಬಂದೇ ಇಲ್ವಾ? ಹಾಗಾದ್ರೆ ಬೆಳಗ್ಗಿಂದ ನಿಮ್ಮ ಸಾಲಲ್ಲಿ ನಿಂತಿರೋದು ನನ್ನ ನೆರಳಾ?"

"ಕೆಂಪು ದೀಪ ಬಂದರೆ ನಾನೇನು ಮಾಡ್ಲಿ ಹೇಳಿ. ಏನು ಕೆಲಸ ಮಾಡ್ತೀರಿ?"

"ಕೊಂಬು ಉಜ್ತೀನಿ. ಅಂಗೈಯಲ್ಲಿ."

"ನೋಡಿ, ಅದಕ್ಕೇ ಅಳಿಸಿ ಹೋಗಿದೆ! ಒಂದು ಕೆಲಸ ಮಾಡಿ. ಒಂದಷ್ಟು ಕಾಲ ಕೊಂಬು ಮುಟ್ಟಬೇಡಿ, ಸುಮ್ನೆ ಮನೇಲಿ ಕೂತ್ಕೊಳ್ಳಿ. ಗೆರೆ ತಾನಾಗೇ ಬರುತ್ತೆ. ಮುಂದಿನ ಸಲ ಬನ್ನಿ, ಕೊಂಬಿನ ಕುಶಲಕರ್ಮಿ ಅಂತ ಕಾರ್ಡು ಕೊಡ್ತೀವಿ."

"ಅಂದ್ರೆ ಕೆಲಸ ಬಿಟ್ಟೋರಿಗೆ ಕೆಲಸಗಾರರು ಅಂತ ಕಾರ್ಡು!"

"ಹಾಂ, ಹೌದಮ್ಮಾ" ಎಂದ ಗುಮಾಸ್ತ, ಕೊನೆಗೂ ಅರ್ಥಮಾಡಿಕೊಂಡಳಲ್ಲ ಎಂಬ ಸಮಾಧಾನದಿಂದ.

"ಮುಂದಿನ ಸಲ ಅಂದ್ರೆ ಯಾವಾಗ?"

"ಇನ್ನೊಂದು ಭವನ ಕಟ್ಟಿಸಿದಾಗ."

ಹಿಂದೆ ನಿಂತವರು ಕೆಮ್ಮತೊಡಗಿದರು. ಇಂಥ ಐತಿಹಾಸಿಕ ಗಳಿಗೆಗಳಲ್ಲೇ ನಮ್ಮ ಗಂಡಸರಿಗೆ ಮಹಾ ಉಪಾಯಗಳು ಹೊಳೆಯುವುದು. ಮೀಸೆ ಹೆಂಡತಿಯನ್ನು ಭುಜದಿಂದ ಮೆಲ್ಲನೆ ಸರಿಸಿ ಮುಂದೆ ಬಂದ. ಬಲಗೈಯ ಹೆಬ್ಬೆಟ್ಟನ್ನು ರಾಜಮುದ್ರೆಯಂತೆ ಎತ್ತಿ ಯಂತ್ರದ ಮೇಲಿಟ್ಟ. ಜೀವನದಲ್ಲಿ ವಾಷರಿಗಿಂತ ಭಾರವಾದದ್ದನ್ನು ಎತ್ತದ ಹೆಬ್ಬೆಟ್ಟು! ಅದರಲ್ಲಿ ಗೆರೆಗಳು ಉತ್ತ ಹೊಲದ ಸಾಲುಗಳಂತೆ ಎದ್ದು ನಿಂತಿದ್ದವು.

ಟಿಂಗ್! ಹಸಿರು ದೀಪ!

"ಆಹಾ!" ಎಂದ ಗುಮಾಸ್ತ. "ಇದು ನೋಡಿ ಬೆರಳು ಅಂದ್ರೆ! ಕಸುಬು?"

ಮೀಸೆ ಒಂದು ಕ್ಷಣ ತಡವರಿಸಿದ. ಒಂದೇ ಕ್ಷಣ. "ಕೊಂಬು ಉಜ್ಜೋದು" ಎಂದ.

"ರೀ!" ಎಂದಳು ಕೊಂಬಿನಕ್ಕ.

"ಸುಮ್ನಿರೇ. ನಿನ್ನ ಪರವಾಗಿ ತಾನೇ."

"ನಿಮ್ಮ ಮನೆಗೆ ಅಧಿಕಾರಿ ಬರ್ತಾರೆ. ಅವರ ಕಣ್ಣೆದುರಿಗೇ ನೀವು ಒಂದು ಹಿಡಿಗೆ ಹೊಳಪು ಕೊಡಬೇಕು. ಕೊಟ್ಟರೆ ಕಾರ್ಡು, ಮೇಜು ಎಲ್ಲ ನಿಮ್ಮದೇ" ಎಂದು ಗುಮಾಸ್ತ ಚೀಟಿಯ ಮೇಲೆ ಮೊಹರು ಗುದ್ದಿದ.

"ಬರಲಿ ಸ್ವಾಮಿ! ಬರಲಿ!" ಎಂದು ಮೀಸೆಯ ತುದಿ ತಿರುವಿದ ಮೀಸೆ.

ದಾರಿಯುದ್ದಕ್ಕೂ ಕೊಂಬಿನಕ್ಕ ಮಾತಾಡಲಿಲ್ಲ. ಅದು ಅಪಾಯದ ಸೂಚನೆ ಎಂದು ಮದುವೆಯಾದವರಿಗೆಲ್ಲ ಗೊತ್ತು. ಮನೆಯ ಬಾಗಿಲಲ್ಲಿ ಮೀಸೆಯೇ ಸೋತು ಬಾಯಿಬಿಟ್ಟ. "ಹೆಸರು ಯಾರದ್ದಾದರೇನೇ? ಮನೆ ಒಂದೇ ತಾನೇ?"

"ಒಂದೇ ಮನೆ! ಸರಿ. ಹಾಗಾದ್ರೆ ನಾಳೆಯಿಂದ ಪಾತ್ರೆ ನೀವು ತೊಳೀರಿ. ತೊಳೆದೋರು ಯಾರಾದರೇನು, ಮನೆ ಒಂದೇ ತಾನೇ?"

"ಅದು ಬೇರೆ, ಇದು ಬೇರೆ."

"ಹೆತ್ತಿದ್ದು ಮಾತ್ರ ನಾನು ಹೆತ್ತೆ. ಅವತ್ತೂ ಆಸ್ಪತ್ರೆಯವರು ಹೆಬ್ಬೆಟ್ಟು ಕೇಳಿದ್ದರೆ ಅದನ್ನೂ ನನ್ನ ಪರವಾಗಿ ಒತ್ತಿ ಬರ್ತಿದ್ರಿ."

ಒಳಗಿನಿಂದ ಅತ್ತೆಯ ನಗು ಕೇಳಿಸಿತು. ಸೊಸೆ ಗಂಡನಿಗೆ ಬೈಯುವಾಗ ಆ ಮುದುಕಿಗೆ ಮೊಣಕಾಲು ನೋವು ಕಡಿಮೆಯಾಗುತ್ತದಂತೆ.

ಸಿಟ್ಟು ಎಷ್ಟೇ ಇದ್ದರೂ ಕೊಂಬಿನಕ್ಕನಿಗೆ ಮೇಜು ಬೇಕಿತ್ತು. ಗಂಡ ಅಧಿಕಾರಿಯ ಮುಂದೆ ಮುಗ್ಗರಿಸಿದರೆ ಹೋಗುವುದು ಗಂಡನ ಮಾನ ಮಾತ್ರವಲ್ಲ (ಅದು ಹೋದರೆ ಅವಳಿಗೇನೂ ನಷ್ಟವಿರಲಿಲ್ಲ), ಮೇಜೂ ಹೋಗುತ್ತದೆ. ಆದ್ದರಿಂದ ಅವಳು ಅವನನ್ನು ಹಿತ್ತಿಲ ಬಾಗಿಲ ಪಕ್ಕ ಕೂರಿಸಿ ಪಾಠ ಹೇಳಿದಳು. ಅರದಿಂದ ಉಜ್ಜಿ ಆಕಾರಕ್ಕೆ ತಂದ ಹಿಡಿಯನ್ನು ಮೊದಲು ಗಾಜಿನ ಚೂರಿನ ಅಂಚಿನಿಂದ ಹೆರೆಯಬೇಕು. ಆಮೇಲೆ ನೆನೆಸಿದ ಒರಟು ಎಲೆಯಿಂದ ತಿಕ್ಕಬೇಕು. ಅದಾದ ಮೇಲೆ ಒದ್ದೆ ಇದ್ದಿಲ ಪುಡಿ, ಆಮೇಲೆ ಹನಿ ಎಣ್ಣೆಯಲ್ಲಿ ಕಲಸಿದ ಬೂದಿ. ಕೊನೆಗೆ ಬರೀ ಅಂಗೈ.

"ಅಂಗೈಯಿಂದ ಎಷ್ಟು ಹೊತ್ತು?"

"ಹೊಳೆಯೋವರೆಗೆ."

"ಹೊಳೆಯೋದು ಯಾವಾಗ?"

"ನೀವು ಈ ಪ್ರಶ್ನೆ ಕೇಳೋದು ನಿಲ್ಲಿಸಿದಾಗ."

ಮೀಸೆ ಗಾಜಿನ ಚೂರು ಹಿಡಿದು ನಾಲ್ಕು ಸಲ ಹೆರೆದ. ಬೆನ್ನು ಹಿಡಿಯಿತು. ಎದ್ದು ನಿಂತು, ಮನುಕುಲದ ಪ್ರಗತಿಯ ಬಗ್ಗೆ ಎರಡು ಮಾತಾಡಿದ. "ಚಕ್ರ ಕಂಡುಹಿಡಿದು ಎಷ್ಟು ಕಾಲವಾಯ್ತು! ಇನ್ನೂ ಕೈಯಲ್ಲಿ ಉಜ್ಜೋದಾ? ನನಗೆ ಬಿಡು. ನಾಳೆ ಭಾನುವಾರ. ಮಧ್ಯಾಹ್ನದೊಳಗೆ ಹಿಡಿಯಲ್ಲಿ ನಿನ್ನ ಮುಖ ಕಾಣಿಸ್ತೀನಿ!"

"ಕಾಣಿಸ್ತಾನೆ, ಕಾಣಿಸ್ತಾನೆ" ಎಂದಳು ಮುದುಕಿ, ಒಳಗಿನಿಂದಲೇ.

ಭಾನುವಾರ ಕೊಂಬಿನಕ್ಕ ತರಕಾರಿ ತರಲು ಹೋದದ್ದೇ ತಡ, ಮೀಸೆಯ ಕಾರ್ಖಾನೆ ಉದ್ಘಾಟನೆಯಾಯಿತು. ಉಗ್ರಾಣದ ಮೂಲೆಯಲ್ಲಿ ನಿವೃತ್ತಿ ಹೊಂದಿ ಮಲಗಿದ್ದ ಪಂಪಿನ ಮೋಟಾರೊಂದನ್ನು ಅವನು ಸೈಕಲ್ಲಿನ ಮೇಲೆ ತಂದಿದ್ದ. ಅದರ ಮೂತಿಗೆ ಒಂದು ಹಲಗೆಯ ಬಿಲ್ಲೆ ಬಿಗಿದ. ಬಿಲ್ಲೆಗೆ ಸುತ್ತಲು ಮೆತ್ತನೆಯ ಬಟ್ಟೆ ಬೇಕಿತ್ತು. ತಾಯಿಯ ಕಂಬಳಿ ಬಿಸಿಲಿಗೆ ಒಣಗುತ್ತಿತ್ತು. ಕತ್ತರಿಸಿದ! ಸ್ವಿಚ್ಚು ಒತ್ತಿದ!

ಮೋಟಾರು ಗುಡುಗಿತು. ಕಂಬಳಿಯ ಚಕ್ರ ಬುಗುರಿಯಂತೆ ತಿರುಗಿತು. ಮೀಸೆ ಹಿಡಿಯನ್ನು ಅದಕ್ಕೆ ಒತ್ತಿದ. ಆಹಾ, ಹೊಳಪು! ಮೊದಲ ಕ್ಷಣದಲ್ಲೇ ಹೊಳಪು! ಇನ್ನಷ್ಟು ಒತ್ತಿದ. ಹೊಗೆ ಬಂತು. ಹೊಗೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ ಅಲ್ಲವೇ? ಇನ್ನೂ ಒತ್ತಿದ. ಹಿಡಿಯ ಮೇಲೆ ಹಪ್ಪಳದಂತೆ ಬೊಬ್ಬೆಗಳೆದ್ದವು. ಇಡೀ ಓಣಿಗೆ ಕೂದಲು ಸುಟ್ಟ ನಾತ ಹಬ್ಬಿತು.

ಓಣಿಯವರಿಗೆ ಕೊಂಬು ಸುಟ್ಟ ಪರಿಚಯವಿಲ್ಲ. ಕೊಂಬಿನಕ್ಕ ಯಾವತ್ತೂ ಸುಟ್ಟವಳಲ್ಲ. ಕೂದಲು ಸುಟ್ಟ ನಾತ, ಅದೂ ಆ ಮನೆಯಿಂದ ಎಂದಾಗ ಎಲ್ಲರ ತಲೆಗೂ ಒಂದೇ ವಿಚಾರ ಬಂತು.

"ಮೀಸೆಗೆ ಬೆಂಕಿ ಬಿತ್ತು! ನೀರು ತನ್ರಪ್ಪೋ!"

ಎದುರುಮನೆಯ ದರ್ಜಿ ಸಹೃದಯ. ಬಕೆಟ್ಟು ಎತ್ತಿಕೊಂಡು ಓಡಿ ಬಂದವನೇ, ಗುರಿ ನೋಡಿ, ಮೂಗಿನ ಕೆಳಭಾಗಕ್ಕೆ ಸರಿಯಾಗಿ ಎರಚಿದ. ಅರ್ಧ ನೀರು ಮೀಸೆಗೆ, ಅರ್ಧ ಮೋಟಾರಿಗೆ. ಢಮಾರ್! ಓಣಿಯ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. ನೀರಿನ ಕಚೇರಿಯವನ ಮನೆಗೆ ನೀರು ಹೊತ್ತುಕೊಂಡು ಬರಬೇಕಾಗಿ ಬಂದದ್ದನ್ನು ದರ್ಜಿ ಮುಂದೆ ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಇಷ್ಟಕ್ಕೇ ನಿಂತಿದ್ದರೆ ಒಂದು ಹಿಡಿ, ಒಂದು ಕಂಬಳಿ, ಒಂದು ಮೋಟಾರು ಎಂದು ಲೆಕ್ಕ ಮುಗಿಯುತ್ತಿತ್ತು. ಆದರೆ ಎರಚಿದ ನೀರು ಇದ್ದಿಲ ಪುಡಿಯ ಡಬ್ಬಿಗೂ ಎಣ್ಣೆಯ ಕುಡಿಕೆಗೂ ಬಡಿದಿತ್ತು. ಮೂಲೆಯ ಬುಟ್ಟಿಯಲ್ಲಿ ಕೊಂಬಿನಕ್ಕ ಭವನದ ಮೇಜಿಗೆಂದೇ ಮಾಡಿಟ್ಟ ಹಿಡಿಗಳಿದ್ದವು. ಅವುಗಳ ಮೇಲೆಲ್ಲ ಕಪ್ಪು ರಾಡಿ. ಹೆಂಡತಿ ಬರುವುದರೊಳಗೆ ತೊಳೆದುಬಿಡೋಣ ಎಂದುಕೊಂಡ ಮೀಸೆ. ತಣ್ಣೀರಿಗೆ ಎಣ್ಣೆ ಬೆರೆತ ರಾಡಿ ಹೋಗುತ್ತದೆಯೇ? ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅಷ್ಟನ್ನೂ ಅದರೊಳಗೆ ಸುರಿದು, ಮುಚ್ಚಳ ಹಾಕಿ, ಒದ್ದೆ ಮೀಸೆ ಒರೆಸಿಕೊಳ್ಳುತ್ತ ಕೂತ.

ಪ್ರಾಣಿಯ ತಲೆಯ ಮೇಲೆ ಕೊಂಬು ನೆಟ್ಟಗಿರುವುದಿಲ್ಲ. ಅದನ್ನು ಬಿಸಿ ಮಾಡಿ, ಮೆತ್ತಗಾದಾಗ ಹಲಗೆಗಳ ನಡುವೆ ಅದುಮಿ, ತಣ್ಣಗಾಗುವವರೆಗೆ ಬಿಗಿಹಿಡಿದು ನೆಟ್ಟಗೆ ಮಾಡಬೇಕು. ಆದರೆ ಮತ್ತೆ ಬಿಸಿ ತಗುಲಿತೋ, ಕೊಂಬಿಗೆ ತಾನು ಯಾರ ತಲೆಯ ಮೇಲಿದ್ದೆ ಎಂಬುದು ನೆನಪಾಗಿಬಿಡುತ್ತದೆ!

ಮುಚ್ಚಳ ತೆಗೆದಾಗ ಪಾತ್ರೆಯೊಳಗೆ ಒಂದು ಹಿಡಿಯೂ ನೆಟ್ಟಗಿರಲಿಲ್ಲ. ಕೆಲವು ಬಾಳೆಹಣ್ಣಿನಂತೆ, ಕೆಲವು ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿದ್ದವು. ಒಂದಂತೂ ತಿರುಚಿಕೊಂಡು ಯಾರನ್ನೋ ಹಾಯಲು ಹೊರಟಂತಿತ್ತು.

"ಅಮ್ಮಾ! ಬಾ ಇಲ್ಲಿ! ಇವಕ್ಕೇನಾಗಿದೆ?"

ಮುದುಕಿ ಗೋಡೆ ಹಿಡಿದುಕೊಂಡು ಬಂದು ಪಾತ್ರೆಯೊಳಗೆ ಇಣುಕಿದಳು. ಕತ್ತರಿಸಿದ ಕಂಬಳಿಯ ಕಡೆ ನೋಡಿದಳು. ಮಗನ ಕಡೆ ನೋಡಿದಳು. "ಇವಕ್ಕೇನೂ ಆಗಿಲ್ಲಪ್ಪ. ಎಮ್ಮೆಗಳು ತಮ್ಮ ಸಾಮಾನು ವಾಪಸ್ ತಗೊಂಡವು. ಈಗ ನಿನಗೆ ಏನಾಗುತ್ತೆ ಅಂತ ಯೋಚನೆ ಮಾಡು."

ತರಕಾರಿ ಚೀಲ ಹಿಡಿದು ಬಂದ ಕೊಂಬಿನಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಕೂಗಾಡಲಿಲ್ಲ. ಬಾಗಿದ ಹಿಡಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಮೆಲ್ಲನೆ ಕೆಳಗಿಟ್ಟಳು.

"ಎಷ್ಟು ತಿಂಗಳ ಕೆಲಸ ಗೊತ್ತೇನ್ರೀ ಇದು?"

"ನಾನು... ತೊಳೆಯೋಣ ಅಂತ..."

"ಪಾತ್ರೆ ತೊಳೀರಿ ಅಂದಾಗ ತೊಳೀಲಿಲ್ಲ. ಇದನ್ನ ತೊಳೆದ್ರಾ?" ಅವಳು ಒಂದು ಕುರ್ಚಿ ತಂದು ಹಿತ್ತಿಲ ಬಾಗಿಲಿಗೆ ಹಾಕಿ, ಅದರ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿದಳು. "ಬನ್ನಿ ಕುಶಲಕರ್ಮಿಗಳೇ. ಕೂತ್ಕೊಳ್ಳಿ ಮಣೆ ಮೇಲೆ. ಅಷ್ಟನ್ನೂ ನೆಟ್ಟಗೆ ಮಾಡಿ, ಅಷ್ಟನ್ನೂ ಉಜ್ಜಿ. ನಾನು ಈಗ ಬೆರಳಿಗೆ ಗೆರೆ ಬರಿಸ್ಕೊಳ್ಳೋಳು. ಮಂಡಳಿಯವರೇ ಹೇಳಿದಾರೆ, ಸುಮ್ನೆ ಕೂತ್ಕೊಳ್ಳಿ ಅಂತ."

ಆಮೇಲೆ ಶುರುವಾಯಿತು ನೋಡಿ ಮೀಸೆಯ ವನವಾಸ! ಕಚೇರಿಗೆ ಹೋಗುವ ಮುಂಚೆ ಉಜ್ಜಿದ, ಬಂದ ಮೇಲೆ ಉಜ್ಜಿದ. ಉಗ್ರಾಣದಲ್ಲಿ ವಾಷರು ಕೇಳಲು ಬಂದವರಿಗೆ ಎಡಗೈಯಲ್ಲಿ ಕಾಯಲು ಸನ್ನೆ ಮಾಡಿ ಮೇಜಿನ ಕೆಳಗೆ ಬಲಗೈಯಲ್ಲಿ ಉಜ್ಜಿದ. ಹೆಂಡತಿ ಕುರ್ಚಿಯಿಂದಲೇ ಆಜ್ಞೆ ಹೊರಡಿಸುತ್ತಿದ್ದಳು. "ಅಡ್ಡಡ್ಡ ಉಜ್ಜಬೇಡಿ, ಉದ್ದಕ್ಕೆ ಉಜ್ಜಿ. ಎಮ್ಮೆ ಮೈ ಸವರಿದ ಹಾಗೆ ಸವರಬೇಡಿ. ಬೂದಿಯಲ್ಲಿ ಹರಳಿದೆ, ಮತ್ತೆ ಸೋಸಿ. ಮೀಸೆ ತೀಡೋವಾಗ ಹೀಗೆ ಆಕಳಿಸ್ತೀರಾ?" ಹಗೆಗೂ ಬರಬಾರದು ಇಂಥ ಕಷ್ಟ! ಅಂಗೈ ಕೆಂಪಾಯಿತು, ಉರಿಯಿತು, ಸುಲಿಯಿತು, ಗಟ್ಟಿಯಾಯಿತು.

ಒಂದು ಸಂಜೆ ಹಿಡಿಯನ್ನು ಬರೀ ಅಂಗೈಯಿಂದ ಉಜ್ಜುತ್ತಿದ್ದಾಗ ಕೈಯೊಳಗೆ ಏನೋ ಜಾರಿದಂತಾಯಿತು. ನೋಡಿದರೆ ಕಪ್ಪು ಕೊಂಬಿನೊಳಗಿನಿಂದ ಜೇನಿನ ಬಣ್ಣದ ಎಳೆಯೊಂದು ಎದ್ದು ಬಂದಿತ್ತು. ಅದರ ಮೇಲೆ ಅವನದೇ ಮುಖ, ಮೀಸೆ ಸಮೇತ.

"ಬಂತು ಕಣೇ! ಬಂತು!"

ಕೊಂಬಿನಕ್ಕ ಕುರ್ಚಿಯಿಂದ ಇಳಿದು ಬಂದಳು. ಹಿಡಿಯನ್ನು ಬೆರಳಿಂದ ಸವರಿ ನೋಡಿ, "ಪರವಾಗಿಲ್ಲ" ಎಂದಳು. ಆಗಲೇ ಮೀಸೆಗೆ ಅವಳ ಬೆರಳು ಕಂಡದ್ದು. ಇಷ್ಟು ವರ್ಷ ಆ ಕೈ ಬಡಿಸಿದ್ದನ್ನು ಉಂಡವನು, ಆ ಕೈಯನ್ನು ತಿರುಗಿಸಿ ನೋಡಿರಲಿಲ್ಲ. ಅಂಗೈ ನುಣ್ಣಗಿತ್ತು. ಹಿಡಿ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಎರಡಕ್ಕೂ ಒಂದೇ ಹೊಳಪು. ಏನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಅವಳೇ, "ಪರವಾಗಿಲ್ಲ ಅಂದೆ ಅಷ್ಟೇ. ಉಬ್ಬಬೇಡಿ. ಇನ್ನೂ ಬುಟ್ಟಿ ತುಂಬ ಇದೆ" ಎಂದಳು.

ಅಧಿಕಾರಿ ಬಂದೇ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಹೊಳೆಯುವ ಕೆಂಪು ಉಗುರು, ಕೈಯಲ್ಲಿ ಅದೇ ಸಾಬೂನಿನ ಡಬ್ಬಿಯಂಥ ಯಂತ್ರ. ಒಳ್ಳೆಯ ಹೆಂಗಸು; ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕೊಟ್ಟ ಚಹಾ ಕುಡಿದಳು. ಮುದುಕಿ ಅವಳ ಕೈ ಹಿಡಿದು ನೋಡಿ, "ನೀನೂ ನಮ್ಮ ಕಸುಬಿನೋಳೇ ಕಣಮ್ಮಾ. ನಾವು ಎಮ್ಮೇದಕ್ಕೆ ಹೊಳಪು ಹಾಕ್ತೀವಿ, ನೀನು ನಿಂದಕ್ಕೆ ಹಾಕ್ಕೊಂಡಿದೀಯ" ಎಂದಳು. ಅಧಿಕಾರಿ ನಕ್ಕಳು. ಮೀಸೆ ಮಣೆಯ ಮೇಲೆ ಕೂತ.

ಕೊಂಬಿನಕ್ಕ ಬಾಗಿಲಿಗೆ ಒರಗಿ ಉಸಿರು ಬಿಗಿಹಿಡಿದು ನಿಂತಳು. ಗಾಜಿನ ಚೂರು ಸರಸರನೆ ಹರಿಯಿತು. ಎಲೆ, ಇದ್ದಿಲು, ಬೂದಿ. ಒಮ್ಮೆ ಮಾತ್ರ ಮೀಸೆ ಅಡ್ಡಡ್ಡ ಉಜ್ಜಲು ಹೊರಟ. ಬಾಗಿಲ ಕಡೆಯಿಂದ ಒಂದು ಕೆಮ್ಮು ಬಂತು. ಉದ್ದಕ್ಕೆ ಉಜ್ಜಿದ. ಕೊನೆಗೆ ಬರೀ ಅಂಗೈ. ಅಧಿಕಾರಿ ಗಡಿಯಾರ ನೋಡುವುದನ್ನು ಬಿಟ್ಟು ಹಿಡಿಯನ್ನೇ ನೋಡತೊಡಗಿದಳು. ಮೆಲ್ಲಗೆ ಹೊಳಪು ಎದ್ದಿತು.

"ಅಬ್ಬಾ!" ಎಂದಳು ಅಧಿಕಾರಿ. "ಇಂಥ ಕೆಲಸ ನಾನು ನೋಡೇ ಇರಲಿಲ್ಲ. ನೀವು ಪಾಸು! ಇನ್ನು ಖಾತ್ರಿಗೆ ಒಂದು ಹೆಬ್ಬೆಟ್ಟು ಒತ್ತಿಬಿಡಿ, ಕಾರ್ಡು ಇಲ್ಲೇ ಕೊಟ್ಟು ಹೋಗ್ತೀನಿ."

ಕೊಂಬಿನಕ್ಕ ಉಸಿರು ಬಿಟ್ಟಳು. ಮೀಸೆ ಮೀಸೆ ತಿರುವಿ, ಬೂದಿಗೈ ಒರೆಸಿ, ರಾಜಮುದ್ರೆ ಒತ್ತಿದ.

ಕುಂಯ್!

"ಒರೆಸ್ಕೊಂಡು ಇಡಿ."

ಕುಂಯ್!

"ಸ್ವಲ್ಪ ಒದ್ದೆ ಮಾಡ್ಕೊಳ್ಳಿ. ಗಟ್ಟಿಯಾಗಿ..."

"ಬೇಡ ಬಿಡಿ ಮೇಡಂ" ಎಂದಳು ಕೊಂಬಿನಕ್ಕ. "ಮೇಜಿಗೆ ತೂತಾಗುತ್ತೆ."

ಅಧಿಕಾರಿ ಯಂತ್ರವನ್ನು ಅಲ್ಲಾಡಿಸಿದಳು, ಉಫ್ ಎಂದು ಊದಿದಳು. ಮೀಸೆಯ ಒಂದೊಂದೇ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಲದ ಸಾಲುಗಳೆಲ್ಲ ಸಮತಟ್ಟು! "ಗುರುತು ಸಿಗ್ತಿಲ್ಲ. ಅವತ್ತು ಅರ್ಜಿ ಹಾಕಿದೋರು ನೀವಲ್ಲ ಅಂತ ತೋರಿಸ್ತಿದೆ."

"ನಾನೇ ಮೇಡಂ! ಈ ಮೀಸೆ ನೋಡಿ! ಈ ಮೀಸೆ ಇಡೀ ಊರಲ್ಲಿ ಇನ್ಯಾರಿಗಿದೆ?"

"ಮೆಷಿನ್ನು ಮೀಸೆ ತಗೊಳ್ಳಲ್ಲ. ನನಗೂ ಬೇಜಾರೇ. ಆದ್ರೆ ನಾನೇನು ಮಾಡ್ಲಿ, ನಿಯಮ."

"ಅಂದ್ರೆ" ಎಂದಳು ಕೊಂಬಿನಕ್ಕ, 'ಅಂದ್ರೆ'ಯನ್ನು ಗಾಜಿನ ಚೂರಿನಂತೆ ಹೆರೆಯುತ್ತ, "ಕೆಲಸ ಬರದೇ ಇದ್ದಾಗ ಇವರು ಕುಶಲಕರ್ಮಿ. ಕೆಲಸ ಕಲಿತ ಮೇಲೆ ಅಲ್ಲ!"

"ಕೈಕೆಲಸದವರದ್ದೆಲ್ಲ ಇದೇ ಗೋಳು. ಈ ಪೇಟೆಯಲ್ಲಿ ಕೊಂಬಿನ ಕೆಲಸದಲ್ಲಿ ಒಬ್ಬರದ್ದು ಮಾತ್ರ ಎರಡು ಸಲವೂ ಸರಿಹೋಯ್ತು. ಚಾಕು ಅಂಗಡಿ ಸಾಹುಕಾರರು. ಏನು ಗೆರೆಗಳು ಅಂತೀರಿ, ಅಚ್ಚು ಹಾಕಿದ ಹಾಗೆ!"

"ಅವನಾ? ಅವನು ಉಜ್ಜಿ ತೋರಿಸಿದ್ನಾ?"

"ಉಜ್ಜೋ ಅಗತ್ಯ ಬರಲಿಲ್ಲ. ಅಂಗಡಿ ತುಂಬ ಅವರು ಮಾಡಿದ ಹಿಡಿಗಳೇ ಇದ್ವಲ್ಲ! ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಭವನದಲ್ಲಿ ಮೊದಲನೇ ಮೇಜು ಅವರಿಗೇ ಕೊಟ್ವಿ."

 ಮುದುಕಿ ಹಿಡಿಗಳ ಬುಟ್ಟಿಯನ್ನು ಅಧಿಕಾರಿಯ ಮುಂದಕ್ಕೆ ಸರಿಸಿದಳು. ಅಧಿಕಾರಿ ಏನೋ ಅರ್ಥವಾದವಳಂತೆ ಕೊಂಬಿನಕ್ಕನ ಕೈ ನೋಡಿದಳು, ಬುಟ್ಟಿ ನೋಡಿದಳು, ತನ್ನ ಕೆಂಪು ಉಗುರುಗಳನ್ನು ಮಡಚಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ "ಒಂದು ಟಿಪ್ಪಣಿ ಬರೀತೀನಿ" ಎಂದಳು. ಅರ್ಥವಾಗುವುದೇ ಬೇರೆ, ಕಾರ್ಡು ಕೊಡುವುದೇ ಬೇರೆ.

ಮರುದಿನ ಮೀಸೆ ಕಚೇರಿಗೆ ಹೋದ. ಬಾಗಿಲಲ್ಲಿ ಹಾಜರಿಯ ಯಂತ್ರವಿದೆ; ಬಹಳ ದಿನ ಕೆಟ್ಟು ನಿಂತದ್ದು ಅವತ್ತಷ್ಟೇ ರಿಪೇರಿಯಾಗಿತ್ತು. ಅಭ್ಯಾಸಬಲದಿಂದ ಹೆಬ್ಬೆಟ್ಟು ಇಟ್ಟ. ಆ ಯಂತ್ರಕ್ಕೂ ಮಂಡಳಿಯ ಯಂತ್ರಕ್ಕೂ ದೂರದ ನೆಂಟಸ್ತಿಕೆ ಇರಬೇಕು. ಕುಂಯ್!

ಮೇಲಧಿಕಾರಿ ಇಣುಕಿದ. "ಉಗ್ರಾಣದವನು ಬಂದಿಲ್ವೇನ್ರೀ ಇವತ್ತು?"

"ಬಂದಿದೀನಿ ಸಾರ್! ಇಲ್ಲೇ ನಿಂತಿದೀನಿ!"

"ಮೆಷಿನ್ ಪ್ರಕಾರ ಬಂದಿಲ್ಲ. ಗೈರುಹಾಜರಾದೋರು ಕಚೇರಿ ಒಳಗೆ ಓಡಾಡೋ ಹಾಗಿಲ್ಲ. ಮನೆಗೆ ಹೋಗಿ, ಬೆರಳು ಸರಿಮಾಡ್ಕೊಂಡು ಬನ್ನಿ."

ಇಷ್ಟು ಹೊತ್ತಿಗೇ ತಿರುಗಿ ಬಂದ ಮಗನನ್ನು ನೋಡಿ ಮುದುಕಿ ಹುಬ್ಬೇರಿಸಿದಳು. ಕೊಂಬಿನಕ್ಕ ಕುರ್ಚಿ ಬಿಟ್ಟು ಮಣೆಗೆ ಮರಳಿದ್ದಳು. ಕೈಯಲ್ಲಿ ಹಿಡಿ, ಎದುರಿಗೆ ಬೂದಿ. ಸಾಹುಕಾರನ ಆಳು ಸಂಜೆಗೆ ಬರುವವನಿದ್ದ.

"ಏನ್ರೀ ಇಷ್ಟು ಬೇಗ?"

"ನಾನು ಇವತ್ತು ಕಚೇರಿಗೆ ಹೋಗೇ ಇಲ್ಲವಂತೆ ಕಣೇ" ಎಂದ ಮೀಸೆ. ಅವನ ಮೀಸೆಯ ಎರಡೂ ತುದಿಗಳು, ಇತಿಹಾಸದಲ್ಲೇ ಮೊದಲ ಬಾರಿಗೆ, ನೆಲ ನೋಡುತ್ತಿದ್ದವು.

ಕೊಂಬಿನಕ್ಕ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ. ಮಣೆಯ ಮೇಲೆ ಅರ್ಧ ಸರಿದು ಜಾಗ ಮಾಡಿದಳು.

"ಬನ್ನಿ. ಈಗ ನೀವೂ ಯಾರೂ ಅಲ್ಲ. ಕೂತ್ಕೊಂಡು ಉಜ್ಜಿ."

ಅವನು ಕೂತ. ಉದ್ದಕ್ಕೆ ಉಜ್ಜಿದ.

ಭವನದ ಬಾಗಿಲು ತೆರೆದಿದೆ. ನೀವೂ ಹೋಗುತ್ತೀರಿ, ಇಂಥ ಭವನ ಯಾವ ಊರಿನಲ್ಲಿಲ್ಲ? ಮೊದಲನೇ ಮೇಜಿನ ಹಿಂದೆ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಒಬ್ಬ ಕೂತಿರುತ್ತಾನೆ. "ನಮ್ಮ ಕೈಕೆಲಸ" ಎನ್ನುತ್ತಾನೆ. ನಗುನಗುತ್ತ ಹೌದೌದು ಎಂದು ತಲೆಯಾಡಿಸಿ ಬರಬೇಡಿ. "ಕೈ ತೋರಿಸಿ" ಎನ್ನಿ. ತೋರಿಸುತ್ತಾನೆ, ಅವನಿಗೇನು ನಾಚಿಕೆ! ಆ ಬೆರಳುಗಳಲ್ಲಿ ಗೆರೆಗಳು ಸ್ಪಷ್ಟವಾಗಿ ಕಂಡರೆ ಅಲ್ಲೇ ನಿಂತು, ಆಚೆ ಮೇಜಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಇದನ್ನು ಉಜ್ಜಿದವಳು ಎಲ್ಲಿ?" ಎಂದು ಕೇಳಿ. ಉತ್ತರ ಸಿಗುವವರೆಗೆ ಮೇಜಿನ ಮುಂದಿನಿಂದ ಕದಲಬೇಡಿ.